ಬಂದರಿನ ಬಾಗಿಲು: ಅತಿಥಿಗೆ ಅಭಯ, ನಾಡಿಗೆ ಎಚ್ಚರ

ನಮ್ಮ ಯೆಣೆಗೂರ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲಿನ ಊರು. ಇಲ್ಲಿಯ ಎರೆಭೂಮಿಯಲ್ಲಿ ಬೆಳೆದ ನಮಗೆ ಕಡಲು ಕೇಳಿ ತಿಳಿದ ಸಂಗತಿ. ರಕ್ಷಣೆಯೆಂದರೆ ಕಣ್ಣಿಗೆ ಬರುವುದು ನೆರೆಯ ನಳದುರ್ಗದ ಕೋಟೆ. ಮುಖ್ಯಾಧ್ಯಾಪಕರಾಗಿದ್ದ ಕಾಲದಲ್ಲಿ ನಾವು ಮಕ್ಕಳನ್ನು ಕರಾವಳಿಗೆ ಪ್ರವಾಸ ಕರೆದೊಯ್ದಿದ್ದೆವು. ಒಂದು ಬಂದರಿನ ಹೊರಬಾಗಿಲಲ್ಲಿ, ಅನುಮತಿಪತ್ರವಿಲ್ಲದೆ ಒಳಗೆ ಬಿಡಲಾಗದೆಂದರು. “ದೂರದೇಶದವರು ಹಡಗಿನಿಂದ ಇಳಿದು ಬರಬಹುದು, ನಾವು ಹೋಗಬಾರದೇ ಗುರುಗಳೇ?” ಎಂದು ಹುಡುಗನೊಬ್ಬ ಕೇಳಿದ. ಅಂದು ಉತ್ತರ ಹೊಳೆಯಲಿಲ್ಲ. ಇತಿಹಾಸದಲ್ಲಿ ದೊರೆತ ಉತ್ತರವನ್ನು ಇಲ್ಲಿ ನಿವೇದಿಸುತ್ತೇವೆ.

ನಮಗೆ ಸಮೀಪದ ಕಲ್ಯಾಣದಿಂದ ಆಳಿದ ಚಾಲುಕ್ಯರಿಗೆ ಗೋವೆಯ ಕದಂಬರು ಸಾಮಂತರಾಗಿದ್ದರು. ಕದಂಬ ಅರಸ ಗುಹಲ್ಲದೇವನು ಸೋಮನಾಥ ಯಾತ್ರೆಗೆ ಹಡಗೇರಿದಾಗ ನಡುದಾರಿಯಲ್ಲಿ ಕೂವೆಕಂಬ ಮುರಿಯಿತು. ಗೋವೆಯ ಬಂದರಿನಲ್ಲಿ ಅರಬ ವರ್ತಕನೊಬ್ಬನು ನೆರವಾದನು. ಮುಂದೆ ಒಂದನೆಯ ಜಯಕೇಶಿಯು ಆ ವರ್ತಕನ ಮೊಮ್ಮಗನಿಗೆ ಅಧಿಕಾರವನ್ನಿತ್ತನು. ಬಂದರಿಗೆ ಬರುವ ಹಡಗುಗಳಿಂದ ಧರ್ಮಕಾರ್ಯಕ್ಕಾಗಿ ಸುಂಕವೆತ್ತುವ ಹಕ್ಕನ್ನೂ 1053ರಲ್ಲಿ ಕೊಟ್ಟನು. ಕಡಲ ಪಯಣಿಗನಿಗೆ ಆಸರೆಯಾಗುವುದೇ ಬಂದರಿನ ಮೊದಲ ಧರ್ಮವೆಂಬುದು ಇದರಿಂದ ವೇದ್ಯವಾಗುತ್ತದೆ.

ಆದರೆ ಅದೇ ಬಾಗಿಲಿನಿಂದ ಶತ್ರುವೂ ಬರಬಲ್ಲನು. ಗುರುಪುರ ನದಿಯೊಳಗೆ ಯುದ್ಧನೌಕೆಗಳು ನುಗ್ಗದಂತೆ ಟಿಪ್ಪುಸುಲ್ತಾನನು ಮಂಗಳೂರಿನಲ್ಲಿ 1784ರಲ್ಲಿ ಕಪ್ಪುಕಲ್ಲಿನ ಸುಲ್ತಾನ್ ಬತ್ತೇರಿಯನ್ನು ಕಟ್ಟಿಸಿದನು. ಅಂದಿನ ಶತ್ರು ದೂರದಿಂದಲೇ ಗುರುತಿಗೆ ಸಿಕ್ಕುವವನು. ಕಿಂಡಿಯಲ್ಲಿ ತೋಪಿದ್ದರೆ ಸಾಕಿತ್ತು.

ನಮ್ಮ ಕಾಲದ ಶತ್ರು ವೇಷ ಬದಲಿಸಿದ್ದಾನೆ. 1985ರ ಅಕ್ಟೋಬರಿನಲ್ಲಿ ಇಟಲಿಯ ‘ಅಕಿಲೆ ಲೌರೊ’ ಎಂಬ ವಿಹಾರ ನೌಕೆಯನ್ನು ಈಜಿಪ್ಟಿನ ಬಳಿ ಅಪಹರಿಸಿದ ನಾಲ್ವರು, ಪ್ರಯಾಣಿಕರಾಗಿಯೇ ಹಡಗೇರಿದ್ದವರು. ಗಾಲಿಕುರ್ಚಿಯಲ್ಲಿದ್ದ ವೃದ್ಧನೊಬ್ಬನನ್ನು ಕೊಂದು ಕಡಲಿಗೆಸೆದರು. ಪ್ರಯಾಣಿಕರನ್ನೂ ಅವರ ಸಾಮಾನನ್ನೂ ಹಡಗು ಹತ್ತುವ ಮುನ್ನವೇ ತಪಾಸಣೆ ಮಾಡಬೇಕೆಂಬ ಪಾಠವನ್ನು ಜಗತ್ತು ಆಗ ಕಲಿಯಿತು. 2001ರ ಅಮೆರಿಕದ ದಾಳಿಯ ಬಳಿಕ ಹಡಗು ಮತ್ತು ಬಂದರುಗಳ ಅಂತರರಾಷ್ಟ್ರೀಯ ಭದ್ರತಾ ಸಂಹಿತೆ ಸಿದ್ಧವಾಗಿ, 2004ರ ಜುಲೈ 1ರಿಂದ ಜಾರಿಗೆ ಬಂತು. ಅದರಂತೆ ಬಂದರಿಗೊಬ್ಬ, ಹಡಗಿಗೊಬ್ಬ ಭದ್ರತಾಧಿಕಾರಿ, ಲಿಖಿತ ಯೋಜನೆ, ಅಪಾಯಕ್ಕೆ ತಕ್ಕಂತೆ ಮೂರು ಹಂತಗಳ ಎಚ್ಚರ. ಹುಡುಗನು ಕಂಡ ಮುಚ್ಚಿದ ಬಾಗಿಲಿಗೆ ಕಾರಣ ಇದು.

ಇಷ್ಟಾದರೂ 2008ರ ನವೆಂಬರಿನಲ್ಲಿ ಹತ್ತು ಜನರು ನಮ್ಮದೇ ಮೀನುಗಾರಿಕಾ ದೋಣಿಯೊಂದನ್ನು ವಶಪಡಿಸಿಕೊಂಡು ಮುಂಬಯಿಗೆ ಬಂದರು. ಅವರು ದೊಡ್ಡ ಬಂದರಿನ ಬಾಗಿಲನ್ನು ತಟ್ಟಲಿಲ್ಲ. ಮೀನುಗಾರರ ಕೇರಿಯ ದಡಕ್ಕಿಳಿದರು. ಅವರನ್ನು ಮೊದಲು ಕಂಡು ಪ್ರಶ್ನಿಸಿದವರೂ ಮೀನುಗಾರರೇ. ತರುವಾಯ ಮೀನುಗಾರರಿಗೆ ಗುರುತಿನ ಚೀಟಿ, ಕರಾವಳಿ ಪೊಲೀಸರ ಗಸ್ತು, ತಟರಕ್ಷಕ ದಳಕ್ಕೆ ಹೆಚ್ಚಿನ ಹೊಣೆ, ಇವೆಲ್ಲ ಬಂದವು. ಆದರೂ ಯಾವ ಯಂತ್ರವೂ ಕಡಲನ್ನು ದಿನವೂ ನೋಡುವ ಮೀನುಗಾರನ ಕಣ್ಣಿಗೆ ಸಮನಲ್ಲ. ಅವನನ್ನು ಶಂಕಿತನಂತೆ ನಡೆಸಿಕೊಂಡರೆ ಕಾವಲಿನ ಮೊದಲ ಕಣ್ಣನ್ನೇ ಕಳೆದುಕೊಂಡಂತೆ.

ಕರ್ನಾಟಕಕ್ಕೆ ಈ ವಿಚಾರ ದೂರದ್ದಲ್ಲ. 1975ರಲ್ಲಿ ಉದ್ಘಾಟನೆಯಾದ ನವಮಂಗಳೂರು ಬಂದರಿಗೆ ಮಳೆಗಾಲ ಮುಗಿದ ಮೇಲೆ ವಿಹಾರ ನೌಕೆಗಳು ಬರುತ್ತವೆ. ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಕಾವಲನ್ನು ದಾಟಿ ಅತಿಥಿಗಳು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಕುದ್ರೋಳಿಯ ಗೋಕರ್ಣನಾಥನ ಗುಡಿಗಳನ್ನು ಕಂಡು, ಸಂಜೆಗೆ ಹಡಗಿಗೆ ಮರಳುತ್ತಾರೆ. ಕನ್ನಡನಾಡು ಅವರಿಗೆ ಕಾಣುವುದು ಒಂದು ಹಗಲು ಮಾತ್ರ. ವಾಹನ ಚಾಲಕರ, ಮಾರ್ಗದರ್ಶಕರ, ಅಂಗಡಿಯವರ ಅಂದಿನ ಅನ್ನವೂ ಆ ಹಗಲಿನಲ್ಲಿದೆ. ತಪಾಸಣೆ ಒರಟಾದರೆ ಅತಿಥಿ ಮತ್ತೆ ಬಾರನು. ಸಡಿಲಾದರೆ ಒಂದೇ ಅನಾಹುತದಿಂದ ಹಡಗುಗಳೆಲ್ಲ ಬೇರೆ ದಾರಿ ಹಿಡಿದಾವು.

ಆ ಹುಡುಗನಿಗೆ ಈಗ ನಾವು ಹೇಳುವುದಿಷ್ಟು: ಬಾಗಿಲಿಗೆ ಅಗುಳಿ ಇರುವುದು ಅತಿಥಿಯನ್ನು ದೂರವಿಡಲಿಕ್ಕಲ್ಲ, ಒಳಬಂದವನು ನಿಶ್ಚಿಂತೆಯಿಂದಿರಲಿ ಎಂದು. ಆದರೆ ಊರಿನ ಮಕ್ಕಳೂ ಗೊತ್ತಾದ ದಿನ, ಅನುಮತಿ ಪಡೆದು, ಬಂದರನ್ನು ನೋಡುವಂತಾಗಬೇಕು. ತನ್ನದೆಂದು ತಿಳಿದ ಬಾಗಿಲನ್ನು ಜನರು ತಾವಾಗಿಯೇ ಕಾಯುತ್ತಾರೆ. ಗಡಿಯಲ್ಲಿ ಬಾಳುವ ನಮಗೆ ಈ ಮಾತು ಅನುಭವದಿಂದಲೇ ಗೊತ್ತು.