64 ಬೈಟ್‌ಗಳ ಸಾಕ್ಷ್ಯ: ಡಿಸ್ಕ್ ಪಾರ್ಟಿಷನ್ ಇತಿಹಾಸದ ಒಂದು ತಪ್ಪು ಓದು

ನಾರಾವಿ, ವೇಣೂರು, ಮೂಡುಬಿದಿರೆ ಕಡೆಯ ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ಗ್ರಾಹಕರು ಹೇಳುವ ಮಾತು ಬಹುಮಟ್ಟಿಗೆ ಒಂದೇ: ‘ಸಿ ಡ್ರೈವ್ ಫಾರ್ಮ್ಯಾಟ್ ಹೊಡೆಯಿರಿ, ಡಿ ಮುಟ್ಟಬೇಡಿ, ಫೋಟೋ ಎಲ್ಲ ಅದರಲ್ಲೇ ಇದೆ.’ ಡಿ ಡ್ರೈವ್ ಎಂದರೆ ಭದ್ರವಾದ ಜಾಗ ಎಂಬ ನಂಬಿಕೆ ಈ ಮಾತಿನಲ್ಲಿದೆ. ಕಂಪ್ಯೂಟರ್ ಕೈಪಿಡಿಗಳೂ ತರಬೇತಿ ತರಗತಿಗಳ ಟಿಪ್ಪಣಿಗಳೂ ಈ ನಂಬಿಕೆಗೆ ಇತಿಹಾಸದ ಬೆಂಬಲ ಕೊಡುತ್ತ ಬಂದಿವೆ. ಕಡತಗಳ ಸುರಕ್ಷತೆಗೆಂದೇ ಡಿಸ್ಕನ್ನು ಹೀಗೆ ಭಾಗ ಮಾಡುವ ಪಾರ್ಟಿಷನ್ ಹುಟ್ಟಿತು, ಕಂಪ್ಯೂಟರ್ ಬೆಳೆದಂತೆ ಅದಕ್ಕೆ ಬೇರೆ ಉಪಯೋಗಗಳು ಸೇರಿಕೊಂಡವು ಎಂಬುದು ಅವುಗಳ ವಿವರಣೆ. ನಡೆದದ್ದು ಇದಕ್ಕೆ ತೀರ ವಿರುದ್ಧವಾಗಿ. ಹಾಗೆನ್ನಲು ಬೇಕಾದ ಆಧಾರ ಡಿಸ್ಕಿನ ಮೇಲೆಯೇ ಬರೆದಿದೆ. ಅದನ್ನು ತೆರೆದು ನೋಡುವ ತಾಳ್ಮೆಯನ್ನು ಈ ವಿವರಣಕಾರರು ತೋರಲಿಲ್ಲ.

ಐಬಿಎಂ ಕಂಪನಿ 10 ಎಂಬಿ ಹಾರ್ಡ್ ಡಿಸ್ಕ್ ಇದ್ದ ಪಿಸಿ ಎಕ್ಸ್‌ಟಿಯನ್ನು ಮಾರುಕಟ್ಟೆಗೆ ತಂದದ್ದು 1983ರ ಮಾರ್ಚ್‌ನಲ್ಲಿ. ಅದರೊಂದಿಗೆ ಡಾಸ್ 2.0 ಬಂತು, ಡಾಸ್ ಜೊತೆಗೆ ಪಾರ್ಟಿಷನ್ ಪಟ್ಟಿಯೂ ಬಂತು. ಡಿಸ್ಕಿನ ಮೊತ್ತಮೊದಲ ಸೆಕ್ಟರ್ 512 ಬೈಟ್‌ನದು. ಅದರಲ್ಲಿ ಮೊದಲ 446 ಬೈಟ್ ಯಂತ್ರವನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮಿಗೆ ಮೀಸಲು, ಕೊನೆಯ 2 ಬೈಟ್ ಸಹಿಗೆ. ನಡುವೆ ಉಳಿಯುವ 64 ಬೈಟ್‌ಗಳೇ ಪಟ್ಟಿ. ತಲಾ 16 ಬೈಟ್‌ನ ನಾಲ್ಕು ಸಾಲುಗಳು ಅದರಲ್ಲಿವೆ.

ಒಂದು ಸಾಲನ್ನು ಬಿಡಿಸಿ ಓದೋಣ. ಮೊದಲ ಬೈಟ್ 80 ಅಥವಾ 00. 80 ಇದ್ದರೆ ಯಂತ್ರ ಆ ಭಾಗದಿಂದಲೇ ಎದ್ದೇಳಬೇಕು. ಮುಂದಿನ 3 ಬೈಟ್ ಭಾಗದ ಆರಂಭದ ವಿಳಾಸ. ಐದನೆಯ ಬೈಟ್ ಆ ಭಾಗ ಯಾವ ವ್ಯವಸ್ಥೆಗೆ ಸೇರಿದ್ದು ಎಂದು ಹೇಳುತ್ತದೆ: 01 ಎಂದರೆ ಡಾಸ್, 02 ಮತ್ತು 03 ಜೆನಿಕ್ಸ್, ಆಮೇಲೆ ಸೇರಿದ 83 ಲಿನಕ್ಸ್. ಬಳಿಕ 3 ಬೈಟ್ ಕೊನೆಯ ವಿಳಾಸಕ್ಕೆ. ಉಳಿದ 8 ಬೈಟ್‌ಗಳಲ್ಲಿ ಭಾಗ ಎಷ್ಟನೆಯ ಸೆಕ್ಟರಿನಿಂದ ಶುರುವಾಗುತ್ತದೆ, ಒಟ್ಟು ಎಷ್ಟು ಸೆಕ್ಟರ್ ಉದ್ದವಿದೆ ಎಂಬ ಲೆಕ್ಕ. ಸಾಲು ಇಲ್ಲಿಗೆ ಮುಗಿಯಿತು.

ಇದರಲ್ಲಿ ಭಾಗಕ್ಕೊಂದು ಹೆಸರು ಕೊಡಲು ಜಾಗವಿಲ್ಲ. ಒಳಗಿನ ಕಡತ ಕೆಟ್ಟಿದೆಯೋ ಸರಿಯಿದೆಯೋ ಎಂದು ಪರೀಕ್ಷಿಸುವ ಗುರುತಿಲ್ಲ. ಜಾಗದ ವಿಳಾಸ, ಉದ್ದ ಬಿಟ್ಟರೆ ಇರುವುದು ಎರಡೇ ಪ್ರಶ್ನೆಗೆ ಉತ್ತರ: ಇದು ಯಾವ ವ್ಯವಸ್ಥೆಯ ಜಾಗ, ಯಂತ್ರ ಯಾವುದರಿಂದ ಏಳಬೇಕು. ಒಂದೇ ಡಿಸ್ಕಿನಲ್ಲಿ ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್‌ಗಳು ಪರಸ್ಪರ ತಂಟೆಯಿಲ್ಲದೆ ಇರಲು ಮಾಡಿದ ಏರ್ಪಾಡು ಇದು. ಇದಕ್ಕಿಂತ ಗಟ್ಟಿಯಾದ ಪುರಾವೆ ಇನ್ನೊಂದಿದೆ. ಆ ಕಾಲದ ಡಾಸ್ ತನಗೆಂದು ಡಿಸ್ಕಿನಲ್ಲಿ ಒಂದೇ ಒಂದು ಭಾಗವನ್ನು ಮಾಡಿಕೊಳ್ಳಬಲ್ಲದಾಗಿತ್ತು. ಸಿ ಪಕ್ಕದಲ್ಲಿ ಕಡತಗಳಿಗಾಗಿ ಡಿ ಇಡುವ ಉದ್ದೇಶವಿದ್ದಿದ್ದರೆ ಆ ಅನುಕೂಲವನ್ನೇ ಕೊಡದೆ ಬಿಡುತ್ತಿದ್ದರೇ?

ಎದುರು ಪಕ್ಷದವರು 1987ರ ಡಾಸ್ 3.3ರ ಕಡೆ ಬೆರಳು ತೋರಿಸುತ್ತಾರೆ. ವಿಸ್ತರಿತ ಪಾರ್ಟಿಷನ್ ಬಂದು ಡಿ, ಇ, ಎಫ್ ಅಕ್ಷರಗಳು ಸಾಲುಗಟ್ಟಿದ್ದು ಆಗ ಎಂಬುದು ನಿಜ. ಆದರೆ ಕಾರಣ ಸುರಕ್ಷತೆಯಲ್ಲ, ಗುಣಾಕಾರ. ಡಾಸ್ ಸೆಕ್ಟರ್‌ಗಳನ್ನು 16 ಬಿಟ್‌ನ ಸಂಖ್ಯೆಯಲ್ಲಿ ಎಣಿಸುತ್ತಿತ್ತು. ಆ ಎಣಿಕೆಗೆ ಸಿಗುವುದು 65,536 ಸೆಕ್ಟರ್. ತಲಾ 512 ಬೈಟ್ ಎಂದರೆ 32 ಎಂಬಿ. ಅದಕ್ಕಿಂತ ದೊಡ್ಡ ಡಿಸ್ಕ್ ಕೊಂಡವರು ತುಂಡು ಮಾಡದೆ ಬಳಸುವಂತಿರಲಿಲ್ಲ. ವಿಂಡೋಸ್ 95ರ ಮೊದಲ ಆವೃತ್ತಿಯವರೆಗೂ ಇದೇ ಕಥೆ ಬೇರೆ ಅಂಕಿಗಳಲ್ಲಿ ನಡೆಯಿತು. ಆಗ ಮಿತಿ 2 ಜಿಬಿ. ಆ ಮಿತಿಯ ಹತ್ತಿರ ಹೋದರೆ 1 ಕೆಬಿ ಕಡತವೂ 32 ಕೆಬಿ ಜಾಗ ನುಂಗುತ್ತಿತ್ತು. 6 ಜಿಬಿ ಡಿಸ್ಕಿಗೆ ಕನಿಷ್ಠ ಮೂರು ಭಾಗ ಬೇಕೇ ಬೇಕು. ಫ್ಯಾಟ್32 ಬಂದು ಈ ನಿರ್ಬಂಧ ಸಡಿಲವಾದದ್ದು 1996ರಲ್ಲಿ. ಅಷ್ಟರಲ್ಲಿ ಡಿಸ್ಕ್ ತುಂಡು ಮಾಡುವ ಪದ್ಧತಿ ಕೈಗೆ ಹತ್ತಿಬಿಟ್ಟಿತ್ತು. ಕಾರಣ ಹೋಗಿ ಪದ್ಧತಿ ಮಾತ್ರ ಉಳಿದಾಗ ಹೊಸ ಕಾರಣವೊಂದು ಬೇಕಾಗುತ್ತದೆ. ‘ಸುರಕ್ಷತೆ’ ಬಂದು ಕೂತದ್ದು ಆ ಖಾಲಿ ಜಾಗದಲ್ಲಿ.

ವಿಂಡೋಸ್ ಕೆಟ್ಟು ಮತ್ತೆ ಹಾಕುವಾಗ ಡಿ ಉಳಿದುಕೊಳ್ಳುತ್ತದೆ, ಆ ಮಟ್ಟಿನ ಪ್ರಯೋಜನವನ್ನು ಯಾರೂ ಅಲ್ಲಗಳೆಯಬೇಕಿಲ್ಲ. ಆದರೆ ಘಟ್ಟದ ಬುಡದ ಈ ಊರುಗಳಲ್ಲಿ ಸಿಡಿಲು ವೈರಿನಲ್ಲಿ ಇಳಿದು ಡಿಸ್ಕಿನ ಸರ್ಕ್ಯೂಟ್ ಸುಟ್ಟರೆ ಸಿ ಬೇರೆ ಡಿ ಬೇರೆ ಎಂಬ ಭೇದವಿಲ್ಲ. ಎರಡೂ ಇರುವುದು ಅದೇ ತಟ್ಟೆಗಳ ಮೇಲೆ.

ಇನ್ನೊಂದು ಪ್ರತಿ ಬೇರೆ ಜಾಗದಲ್ಲಿ ಇರಬೇಕು ಎಂಬುದಕ್ಕೆ ನಿದರ್ಶನ ಹುಡುಕಲು ನಾರಾವಿಯವರು ದೂರ ಹೋಗಬೇಕಿಲ್ಲ. ಜೈನರ ಧವಲಾ ಗ್ರಂಥದ ಹಳಗನ್ನಡ ಲಿಪಿಯ ತಾಡವೋಲೆಗಳು ಶತಮಾನಗಳ ಕಾಲ ಮೂಡುಬಿದಿರೆಯ ಬಸದಿಯಲ್ಲೇ ಇದ್ದವು. 19ನೆಯ ಶತಮಾನದ ಕೊನೆಗೆ ಅವನ್ನು ಪ್ರತಿ ಮಾಡುವ ಕೆಲಸ ಶುರುವಾಯಿತು. ಪ್ರತಿಗಳೂ ಊರು ಬಿಟ್ಟು ಹೋಗಬಾರದು ಎಂಬ ಕಟ್ಟಳೆಯಿತ್ತು. ಪ್ರತಿಕಾರ ಗಜಪತಿ ಶಾಸ್ತ್ರಿಗಳು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಮಾಡಿಕೊಂಡ ಇನ್ನೊಂದು ಕನ್ನಡ ಪ್ರತಿ ಸಹಾರನ್‌ಪುರ ಸೇರಿತು. ಅಲ್ಲಿಂದ ಹರಡಿದ ಪ್ರತಿಗಳ ಆಧಾರದ ಮೇಲೆ ಹೀರಾಲಾಲ್ ಜೈನ್ ಅವರು 1939ರಲ್ಲಿ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದರು. ಗ್ರಂಥವನ್ನು ಲೋಕಕ್ಕೆ ತೆರೆದದ್ದು ಬಸದಿಯೊಳಗಿನ ಇನ್ನೊಂದು ಪೆಟ್ಟಿಗೆಯಲ್ಲ, ಊರಾಚೆ ಹೋದ ಪ್ರತಿ.

ಡಿಸ್ಕಿನ ಇಂಥ ಪ್ರತಿಯನ್ನು ಬೇರೆ ಡಿಸ್ಕಿಗೆ ಇಳಿಸುವ ಕ್ಲೋನಿಂಗ್ ತಂತ್ರಾಂಶದ ಚರಿತ್ರೆಯನ್ನು 1995ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಮರ್ರೆ ಹ್ಯಾಜರ್ಡ್ ಬರೆದ ‘ಘೋಸ್ಟ್’ನಿಂದ ಆರಂಭಿಸುವುದು ರೂಢಿ. ಸಿಮ್ಯಾಂಟೆಕ್ ಅದನ್ನು 1998ರಲ್ಲಿ ಕೊಂಡುಕೊಂಡಿತು. ಘೋಸ್ಟ್ ಬರುವುದಕ್ಕೆ ಎರಡು ದಶಕ ಮೊದಲೇ ಯುನಿಕ್ಸ್‌ನ ‘ಡಿಡಿ’ ಡಿಸ್ಕನ್ನು ಇದ್ದಂತೆಯೇ ನಕಲಿಸುತ್ತಿತ್ತು. ಘೋಸ್ಟ್ ತಂದ ಹೊಸತು ಬೇರೆ: ಅದು ಕಡತ ವ್ಯವಸ್ಥೆಯನ್ನು ಓದಿ, ತುಂಬಿದ ಜಾಗವನ್ನಷ್ಟೇ ಒಯ್ಯುತ್ತಿತ್ತು. ತೈವಾನಿನ ರಾಷ್ಟ್ರೀಯ ಗಣನ ಕೇಂದ್ರದಲ್ಲಿ ರೂಪುಗೊಂಡ ಉಚಿತ ‘ಕ್ಲೋನ್‌ಜಿಲ್ಲಾ’ ಎರಡನ್ನೂ ಮಾಡುತ್ತದೆ. ಗುರುತು ಹತ್ತಿದ ವ್ಯವಸ್ಥೆಯಾದರೆ ಬಳಕೆಯಲ್ಲಿರುವ ಜಾಗ ಮಾತ್ರ, ಹತ್ತದಿದ್ದರೆ ಡಿಡಿಯಂತೆ ಪೂರ್ತಿ. ಹೊಸ ಡಿಸ್ಕ್ ಹಳೆಯದಕ್ಕಿಂತ ಚಿಕ್ಕದಾಗಿರಬಾರದು. ಚಿಕ್ಕದಿದ್ದರೆ ಮೊದಲು ‘ಜಿಪಾರ್ಟೆಡ್’ನಲ್ಲಿ ಭಾಗವನ್ನು ಕುಗ್ಗಿಸಿಕೊಳ್ಳಬೇಕು. ಕಟಕಟ ಸದ್ದು ಮಾಡುವ ಡಿಸ್ಕಿಗೆ ಇವ್ಯಾವುವೂ ಸಲ್ಲವು. ಓದಲಾಗದ ಜಾಗವನ್ನು ಬಿಟ್ಟು ಮುಂದೆ ಹೋಗಿ, ಆಮೇಲೆ ಹಿಂತಿರುಗಿ ಪ್ರಯತ್ನಿಸುವ ‘ಡಿಡಿರೆಸ್ಕ್ಯೂ’ ಅಲ್ಲಿ ಬೇಕು.

ಪಾರ್ಟಿಷನ್‌ನ ಮೂಲ ಉದ್ದೇಶ ಕಾಣಸಿಗುವ ಜಾಗ ಕಾಸರಗೋಡು, ಆದರೆ ಬೆಂಗಳೂರನ್ನೇ ಕೇಂದ್ರವಾಗಿಟ್ಟು ಬರೆಯುವ ಕನ್ನಡ ಗಣಕ ಇತಿಹಾಸಕಾರರ ಕಣ್ಣಿಗೆ ಅದು ಬೀಳುವುದಿಲ್ಲ. 2001ರಲ್ಲಿ ಶುರುವಾಗಿ 2017ರಲ್ಲಿ ‘ಕೈಟ್’ ಆದ ಕೇರಳದ ಐಟಿ@ಸ್ಕೂಲ್ ಯೋಜನೆ ಅಲ್ಲಿನ ಕನ್ನಡ ಮಾಧ್ಯಮ ಶಾಲೆಗಳಿಗೂ ಗ್ನು/ಲಿನಕ್ಸ್ ತಂದಿತು. ಲಿನಕ್ಸ್ ಹಾಕುವವರಿಗೆ ಪಾರ್ಟಿಷನ್ ಎದುರಾಗುವುದೇ ಅದರ ಮೂಲ ಅರ್ಥದಲ್ಲಿ: ವಿಂಡೋಸ್‌ಗೆ ಒಂದು ಜಾಗ, ಲಿನಕ್ಸ್‌ಗೆ ಇನ್ನೊಂದು, ಸ್ವಾಪ್‌ಗೆ ಮತ್ತೊಂದು. 1983ರ ಪಟ್ಟಿಯನ್ನು ಸರಿಯಾಗಿ ಓದಲು ಆ ಶಾಲೆಗಳ ಕಂಪ್ಯೂಟರ್ ಪ್ರಯೋಗಾಲಯಗಳೇ ಒಳ್ಳೆಯ ಪಾಠಶಾಲೆ.

ಇತ್ತೀಚೆಗೆ ಸುರಕ್ಷತಾವಾದಿಗಳು ಹಿಡಿದಿರುವ ಹೊಸ ಆಸರೆ ಜಿಪಿಟಿ ಎಂಬ ಹೊಸ ಬಗೆಯ ಪಾರ್ಟಿಷನ್ ಪಟ್ಟಿ. ಹಳೆಯ ಪಟ್ಟಿ 2 ಟಿಬಿಯಾಚೆ ಎಣಿಸಲಾರದ್ದರಿಂದ ಬಂದ ಈ ವ್ಯವಸ್ಥೆ ಸಾಮಾನ್ಯವಾಗಿ 128 ಭಾಗಗಳಿಗೆ ಎಡೆ ಕೊಡುತ್ತದೆ, ಭಾಗಕ್ಕೆ ಹೆಸರೂ ಉಂಟು. ಪಟ್ಟಿಯ ಎರಡನೆಯ ಪ್ರತಿಯನ್ನು ಡಿಸ್ಕಿನ ಕಟ್ಟಕಡೆಗೆ ಇಡುತ್ತದೆ. ಇದನ್ನೇ ಅವರು ಪುರಾವೆ ಎನ್ನುತ್ತಾರೆ. ಆದರೆ ನಕಲಾಗುವುದು ಪಟ್ಟಿ ಮಾತ್ರ, ಮದುವೆಯ ಫೋಟೋಗಳಲ್ಲ. ಅದೂ ಕ್ಲೋನ್ ಮಾಡುವಾಗ ಕಾಡುತ್ತದೆ: 500 ಜಿಬಿ ಡಿಸ್ಕನ್ನು ಡಿಡಿಯಿಂದ 1 ಟಿಬಿಗೆ ಒಯ್ದರೆ ಎರಡನೆಯ ಪಟ್ಟಿ ಹೊಸ ಡಿಸ್ಕಿನ ನಡುಮಧ್ಯೆ ಸಿಕ್ಕಿಕೊಳ್ಳುತ್ತದೆ. ಅದನ್ನು ಕೊನೆಗೆ ಸರಿಸುವವರೆಗೆ ಉಳಿದರ್ಧ ಡಿಸ್ಕ್ ಬಳಕೆಗೆ ಸಿಗುವುದಿಲ್ಲ. ಜೊತೆಗೆ ಮೂಲ ಮತ್ತು ಕ್ಲೋನ್ ಎರಡರ ಗುರುತಿನ ಸಂಖ್ಯೆಯೂ ಒಂದೇ ಆಗಿರುವುದರಿಂದ, ಮೊದಲ ಸಲ ಯಂತ್ರ ಹಚ್ಚುವ ಮುನ್ನ ಹಳೆಯ ಡಿಸ್ಕನ್ನು ಬಿಚ್ಚಿಡಬೇಕು.