ಹಸಿರು ಹೋದ ಮೇಲೆ

ನಮ್ಮ ಮನೆಗಳಲ್ಲಿ ಹಳದಿಯೆಂದರೆ ಮಂಗಳದ ಬಣ್ಣ. ಹೊಸಿಲಿಗೆ ಅರಸಿನ, ಮದುಮಗಳ ಕೆನ್ನೆಗೆ ಅರಸಿನ. ಆದರೆ ಸುಳ್ಯದ ಸಂಪಾಜೆ ಕಡೆ ಹುಟ್ಟಿದ ನನಗೆ ಅದೇ ಬಣ್ಣವನ್ನು ಅಡಿಕೆ ತೋಟದಲ್ಲಿ ಕಂಡರೆ ಇಂದಿಗೂ ಎದೆ ಧಸಕ್ಕೆನ್ನುತ್ತದೆ.

1990ರ ಆಸುಪಾಸಿನಲ್ಲಿ ನಮ್ಮ ತೋಡಿನ ಬದಿಯ ನಾಲ್ಕಾರು ಮರಗಳ ಸೋಗೆಯ ತುದಿ ಹಳದಿಯಾಯಿತು. ಎರಡು ಮೂರು ವರ್ಷಗಳಲ್ಲಿ ಮರದ ತಲೆ ಸಣ್ಣದಾಯಿತು, ಎಳೆಕಾಯಿ ಉದುರಿತು. ಉಳಿದ ಅಡಿಕೆ ಸುಲಿದರೆ ತಿರುಳು ಕಪ್ಪು, ಅಂಗಡಿಯವರು ಮುಟ್ಟಲಿಲ್ಲ. "ಗೊಬ್ಬರ ಹಾಕದೆ ಮರಗಳನ್ನು ಉಪವಾಸ ಕೆಡವಿದ್ದಾರೆ" ಎಂದು ನೆಂಟರು ಆಡಿಕೊಂಡರು. ಅಪ್ಪ ಮರುಮಾತಾಡಲಿಲ್ಲ. ಕಣಿ ಬಿಡಿಸಿದರು, ಸುಣ್ಣ ಹಾಕಿದರು, ಅಮ್ಮನ ಬಳೆ ಅಡವಿಟ್ಟು ಗೊಬ್ಬರ ತಂದರು. ಹಳದಿ ಮಾತ್ರ ಮರದಿಂದ ಮರಕ್ಕೆ ನಡೆಯುತ್ತಲೇ ಇತ್ತು.

ಮದುವೆಯಾಗಿ ಪುತ್ತೂರಿಗೆ ಬಂದ ಮೇಲೆ ಈ ರೋಗದ ಚರಿತ್ರೆ ಓದಿದೆ. 1914ರ ಸುಮಾರಿಗೇ ಮಧ್ಯ ಕೇರಳದ ತೋಟಗಳಲ್ಲಿ ಇದು ಕಾಣಿಸಿಕೊಂಡಿತ್ತಂತೆ. ನಮ್ಮ ಪಕ್ಕದ ವಿಟ್ಲದಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾದದ್ದು 1956ರಲ್ಲಿ. ನೀರು ನಿಂತದ್ದೋ, ಮಣ್ಣಿನ ಸಾರ ಹೋದದ್ದೋ ಎಂದು ಬಹುಕಾಲ ತರ್ಕ ನಡೆಯಿತು. 1970ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನಿಜವಾದ ಕಳ್ಳನನ್ನು ತೋರಿಸಿತು. ಅದು ಮರದ ಆಹಾರನಾಳದೊಳಗೆ ಕುಳಿತ, ಕೋಶಭಿತ್ತಿಯೇ ಇಲ್ಲದ ಅತಿಸೂಕ್ಷ್ಮ ಜೀವಿ. ಇಂದಿನ ಹೆಸರು ಫೈಟೋಪ್ಲಾಸ್ಮಾ. ರಸ ಹೀರುವ ಜಿಗಿಹುಳವೊಂದು ಅದನ್ನು ಮರದಿಂದ ಮರಕ್ಕೆ ದಾಟಿಸುತ್ತದೆ.

ನಾಳ ಕೆಟ್ಟರೆ ಎಲೆ ಅಟ್ಟ ಅಡುಗೆ ಎಲೆಯಲ್ಲೇ ಉಳಿಯುತ್ತದೆ. ಬೇರು, ಕಾಯಿಗಳಿಗೆ ಸರಿಯಾಗಿ ತಲುಪುವುದಿಲ್ಲ. ಎಲೆಯ ಪತ್ರಹರಿತ್ತು ನಾಶವಾಗುತ್ತದೆ. ಹಳದಿ ಹೊರಗಿನಿಂದ ಬಂದು ಮೆತ್ತಿದ ಬಣ್ಣವಲ್ಲ, ಹಸಿರಿನ ಮರೆಯಲ್ಲಿ ಮೊದಲೇ ಇತ್ತು. ಹಸಿರು ಹೋದ ಮೇಲೆ ನಮ್ಮ ಕಣ್ಣಿಗೆ ಬಿತ್ತು.

ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಹಾಗಾದರೆ ತಪ್ಪು ನನ್ನದಲ್ಲ, ಅಲ್ಲವಾ ಮಗಳೇ?" ಒಳಗಿನಿಂದ ಅಮ್ಮ, "ಮೊದಲೇ ಗೊತ್ತಿದ್ದರೆ ಬಳೆಯಾದರೂ ಉಳಿಯುತ್ತಿತ್ತು" ಎಂದರು. ಮೂವರೂ ನಕ್ಕೆವು. ಅಪ್ಪ ತುಸು ಹೆಚ್ಚೇ ನಕ್ಕರು.

ಕೊಳೆರೋಗಕ್ಕಾದರೆ ಬೋರ್ಡೋ ದ್ರಾವಣವಿದೆ. ಇದಕ್ಕೆ ಇಂದಿಗೂ ಮದ್ದಿಲ್ಲ. ಕಡಬದಲ್ಲಿರುವ ತಂಗಿ ಫೋನು ಮಾಡಿದಾಗಲೆಲ್ಲ ನಾನು ಕೇಳುವುದು, "ಸೋಗೆ ಹಸಿರಿದೆಯಾ?" ಎಂದೇ. ರೋಗ ಹೊಕ್ಕ ತೋಟದಲ್ಲೂ ಹಸಿರಾಗಿ ನಿಂತ ಮರಗಳನ್ನು ವಿಜ್ಞಾನಿಗಳು ಹುಡುಕಿ, ಅವುಗಳ ಸಂತತಿ ಬೆಳೆಸುವ ಪ್ರಯತ್ನದಲ್ಲಿದ್ದಾರೆ. ತವರಿನಲ್ಲೀಗ ರಬ್ಬರು. ತೋಡಿನ ಬದಿಯ ಒಂದು ಹಸಿರು ಮರವನ್ನು ಮಾತ್ರ ಅಮ್ಮ ಕಡಿಯಲು ಬಿಟ್ಟಿಲ್ಲ. ನಿಮ್ಮಲ್ಲೂ ಅಂಥದೊಂದಿದ್ದರೆ ಕಡಿಸಬೇಡಿ.