ಅಳದ ಮಗು

ಹೋದ ವರ್ಷ ಮಳೆಗಾಲದಲ್ಲಿ ನಮ್ಮ ನಾಲ್ಕೂವರೆ ವರ್ಷದ ಮಗಳಿಗೆ ಡೆಂಗ್ಯೂ ಬಂದು ಆರು ದಿನ ಆಸ್ಪತ್ರೆಯಲ್ಲಿದ್ದಳು. ಅದರಲ್ಲಿ ಎರಡು ರಾತ್ರಿ ಐಸಿಯು. ತಂದೆತಾಯಿ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಒಳಗೆ ಹೋಗಬಹುದು, ಅಷ್ಟೆ. ಮೊದಲ ಸಂಜೆ ನಾವು ಹೊರಗೆ ಬರುವಾಗ ಅವಳು ಕಿರುಚಿದ್ದು ಲಿಫ್ಟಿನವರೆಗೂ ಕೇಳಿಸ್ತಿತ್ತು. ಮಾರನೇ ದಿನ ಸಂಜೆ ಹೋದಾಗ ಸುಮ್ಮನೆ ಮಲಗಿದ್ದಳು. "ತುಂಬಾ ಗುಡ್ ಗರ್ಲ್ ಸರ್, ಈಗ ಅಳೋದೇ ಇಲ್ಲ" ಅಂದರು ಸಿಸ್ಟರ್. ನಮಗೂ ಸಮಾಧಾನ ಆಯ್ತು. ಅವಳು ನಮ್ಮ ಕಡೆ ನೋಡದೆ ಗೋಡೆ ನೋಡ್ತಾ ಇದ್ದದ್ದನ್ನು ಜ್ವರದ ಸುಸ್ತು ಅಂದುಕೊಂಡೆ.

ಮನೆಗೆ ಬಂದ ಮೇಲೆ ಸುಮಾರು ಒಂದು ತಿಂಗಳು ಅವಳು ನನ್ನ ಹೆಂಡತಿ ಬಚ್ಚಲುಮನೆಗೆ ಹೋದರೂ ಬಾಗಿಲ ಹೊರಗೆ ಕೂತಿರ್ತಿದ್ದಳು. ಇದು ಯಾಕೆ ಅಂತ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಜೇಮ್ಸ್ ರಾಬರ್ಟ್‌ಸನ್ ಎಂಬ ಸ್ಕಾಟ್ಲೆಂಡಿನ ಮನುಷ್ಯನ ಕತೆ.

ರಾಬರ್ಟ್‌ಸನ್ ಡಾಕ್ಟರ್ ಅಲ್ಲ. ಗ್ಲಾಸ್ಗೋ ಹತ್ತಿರದ ಕಾರ್ಮಿಕ ಕುಟುಂಬದಲ್ಲಿ 1911ರಲ್ಲಿ ಹುಟ್ಟಿದವರು. ಎರಡನೇ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲ್ಲ ಅಂತ ನಿಂತವರು. ಲಂಡನ್ನಿನಲ್ಲಿ ಆನಾ ಫ್ರಾಯ್ಡ್ ಯುದ್ಧಕಾಲದ ಮಕ್ಕಳಿಗಾಗಿ ನಡೆಸುತ್ತಿದ್ದ ಹ್ಯಾಂಪ್‌ಸ್ಟೆಡ್ ಶಿಶುನಿವಾಸದಲ್ಲಿ ಬಾಯ್ಲರ್‌ಗೆ ಕಲ್ಲಿದ್ದಲು ಹಾಕೋದು, ರಿಪೇರಿ ಮಾಡೋದು ಅವರ ಕೆಲಸ. ಆ ನಿವಾಸದಲ್ಲಿ ಒಂದು ಒಳ್ಳೆ ಪದ್ಧತಿ ಇತ್ತು. ಅಡುಗೆಯವರಾಗಲಿ ಬಾಯ್ಲರ್‌ನವರಾಗಲಿ, ಮಕ್ಕಳಲ್ಲಿ ಕಂಡದ್ದನ್ನು ಚೀಟಿಯಲ್ಲಿ ಬರೆದಿಡಬೇಕು. ಮಗು ಏನು ಮಾಡ್ತು ಅಂತ ಮಾತ್ರ ಬರೆಯಬೇಕು, ನಿಮಗೆ ಏನನ್ನಿಸಿತು ಅಂತಲ್ಲ. ನನ್ನ ಕಸುಬಿನವರಿಗೆ ಇದು ತಕ್ಷಣ ಅರ್ಥವಾಗತ್ತೆ: ಮೊದಲು ಲಾಗ್ ಓದು, ಆಮೇಲೆ ಊಹೆ.

1948ರಲ್ಲಿ ಮನೋವೈದ್ಯ ಜಾನ್ ಬೋಲ್ಬಿ ಅವರು ರಾಬರ್ಟ್‌ಸನ್‌ರನ್ನು ಟ್ಯಾವಿಸ್ಟಾಕ್ ಕ್ಲಿನಿಕ್ಕಿಗೆ ಸೇರಿಸಿಕೊಂಡು, ಆಸ್ಪತ್ರೆಯಲ್ಲಿ ತಾಯಿಯಿಂದ ದೂರವಾದ ಮಕ್ಕಳನ್ನು ನೋಡಿ ಬನ್ನಿ ಅಂತ ಕಳಿಸಿದರು. ಆಗಿನ ಬ್ರಿಟನ್ನಿನ ಮಕ್ಕಳ ವಾರ್ಡುಗಳ ನಿಯಮ ಕೇಳಿದರೆ ಇವತ್ತು ನಂಬೋದು ಕಷ್ಟ. 1949ರ ಒಂದು ಸಮೀಕ್ಷೆ ಪ್ರಕಾರ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಭಾನುವಾರ ಮಧ್ಯಾಹ್ನ 2ರಿಂದ 4ರವರೆಗೆ ಮಾತ್ರ ಭೇಟಿ. ಸೇಂಟ್ ಥಾಮಸ್‌ನಲ್ಲಿ ಮೊದಲ ಒಂದು ತಿಂಗಳು ಭೇಟಿಯೇ ಇಲ್ಲ. ಬೇಕಾದರೆ ಸಂಜೆ 7ರಿಂದ 8ರೊಳಗೆ ಬಂದು ನಿದ್ದೆಯಲ್ಲಿರುವ ಮಗುವನ್ನು ನೋಡಿಕೊಂಡು ಹೋಗಬಹುದು. ಇನ್ನು ಸಾಂಕ್ರಾಮಿಕ ರೋಗಗಳ ಆಸ್ಪತ್ರೆಗಳಲ್ಲಿ ಮಗುವಿಗೆ ಒಂದು ನಂಬರ್. ತಂದೆತಾಯಿ ಸ್ಥಳೀಯ ಪತ್ರಿಕೆ ತೆಗೆದು ಆ ನಂಬರಿನ ಮುಂದೆ 'ಗಂಭೀರ' ಅಂತ ಇದೆಯೋ 'ಸುಧಾರಣೆ' ಅಂತ ಇದೆಯೋ ನೋಡಿಕೊಳ್ಳಬೇಕು. ನಾವು ಪಿಯುಸಿ ರಿಸಲ್ಟ್ ನೋಡ್ತಿದ್ದ ಹಾಗೆ.

ಆ ಡಾಕ್ಟರುಗಳೇನು ಕಟುಕರಲ್ಲ. ಆಂಟಿಬಯಾಟಿಕ್ ಬರುವ ಮುಂಚೆ ಸೋಂಕು ಅಂದರೆ ಸಾವು; ಹೊರಗಿನವರು ಬಂದಷ್ಟೂ ಅಪಾಯ ಅನ್ನೋದು ಅವರ ಲೆಕ್ಕ. ಎರಡನೇ ಕಾರಣ ಇನ್ನೂ ಸ್ವಾರಸ್ಯಕರ. ತಾಯಿ ಬಂದು ಹೋದ ಮೇಲೆ ಮಗು ಅಳತ್ತೆ, ಬರದೇ ಇದ್ದರೆ ಮೂರು ದಿನದಲ್ಲಿ ಸುಮ್ಮನಾಗತ್ತೆ. ಹಾಗಾಗಿ ತೊಂದರೆ ಇರೋದು ಭೇಟಿಯಲ್ಲೇ ಅಂತ ಅವರು ತೀರ್ಮಾನಿಸಿದ್ದರು. ಸುಮ್ಮನಾದ ಮಗುವಿಗೆ ಅವರ ಭಾಷೆಯಲ್ಲಿ 'ಹೊಂದಿಕೊಂಡಿದೆ' ಅಂತ ಹೆಸರು.

ಸೋಂಕಿನ ವಾದ ಆ ಹೊತ್ತಿಗಾಗಲೇ ಬಿರುಕು ಬಿಟ್ಟಿತ್ತು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜೇಮ್ಸ್ ಸ್ಪೆನ್ಸ್ ಎಂಬ ವೈದ್ಯರು 1920ರ ದಶಕದಿಂದಲೇ ತಾಯಂದಿರನ್ನೂ ಮಗುವಿನ ಜೊತೆ ದಾಖಲು ಮಾಡಿಕೊಳ್ಳುತ್ತಿದ್ದರು. ನ್ಯೂಜಿಲೆಂಡಿನ ಪಿಕರಿಲ್ ದಂಪತಿ ಸೀಳುತುಟಿ, ಸೀಳಂಗುಳದ ಶಸ್ತ್ರಚಿಕಿತ್ಸೆ ಆದ ಕೂಸುಗಳನ್ನು ತಾಯಂದಿರ ಕೈಯಲ್ಲೇ ನೋಡಿಕೊಳ್ಳಿಸಿ, ಒಂದು ಮಗುವಿನಿಂದ ಇನ್ನೊಂದಕ್ಕೆ ಹರಡುವ ಸೋಂಕನ್ನು ತಡೆಯಬಹುದು ಅಂತ ತೋರಿಸಿದ್ದರು. ಹತ್ತು ಕೂಸು ಮುಟ್ಟುವ ಕೈಗಿಂತ ಒಂದೇ ಕೂಸು ಮುಟ್ಟುವ ಕೈ ಸುರಕ್ಷಿತ. ನಮ್ಮಜ್ಜಿಗೂ ಗೊತ್ತಿದ್ದ ವಿಷಯ.

ಎರಡನೇ ವಾದವನ್ನು ಮುರಿದದ್ದು ರಾಬರ್ಟ್‌ಸನ್. ವಾರ್ಡಿನ ಮೂಲೆಯಲ್ಲಿ ಕೂತು ನೋಡುತ್ತಾ ಅವರು ಮೂರು ಹಂತ ಗುರುತಿಸಿದರು. ಮೊದಲು ಪ್ರತಿಭಟನೆ: ಅಳು, ಕಿರುಚಾಟ, ಬಾಗಿಲ ಕಡೆ ಕಣ್ಣು. ಆಮೇಲೆ ಹತಾಶೆ. ಮಗು ಸುಮ್ಮನಾಗತ್ತೆ, ಯಾವುದೂ ಬೇಡ ಅನ್ನೋ ಹಾಗೆ ಮಲಗಿರತ್ತೆ. ಕೊನೆಗೆ ನಿರಾಕರಣೆ. ಈ ಹಂತದಲ್ಲಿ ಮಗು ನಗತ್ತೆ, ಊಟ ಮಾಡತ್ತೆ, ಎಲ್ಲ ನರ್ಸುಗಳ ಹತ್ತಿರವೂ ಹೋಗತ್ತೆ. ತಾಯಿ ಬಂದರೆ ಗುರುತೇ ಇಲ್ಲದವರ ಹಾಗೆ ಇರತ್ತೆ. ಆಸ್ಪತ್ರೆಯವರು ಯಾವುದನ್ನು ಚೇತರಿಕೆ ಅಂತ ಬರೆದುಕೊಳ್ಳುತ್ತಿದ್ದರೋ ಅದು ಮಗು ಆಸೆ ಬಿಟ್ಟ ಗುರುತು ಅಂತ ರಾಬರ್ಟ್‌ಸನ್ ಹೇಳಿದರು. ಎರರ್ ಬರ್ತಿಲ್ಲ ಅಂದ ಮಾತ್ರಕ್ಕೆ ಸರ್ವರ್ ಓಡ್ತಿದೆ ಅಂತಲ್ಲ, ಸತ್ತ ಸರ್ವರ್ ಕೂಡ ಎರರ್ ಕೊಡಲ್ಲ.

ಬಾಯ್ಲರ್ ಕೆಲಸದಿಂದ ಬಂದವನ ಮಾತನ್ನು ವೈದ್ಯರು ಯಾಕೆ ಕೇಳ್ತಾರೆ? ಯಾರೂ ಕೇಳಲಿಲ್ಲ. ಆಗ ಅವರು ಒಂದು ಸಿನಿಮಾ ಕ್ಯಾಮೆರಾ ಕೊಂಡರು. ಅದಕ್ಕೂ ಮೊದಲು ಕ್ಯಾಮೆರಾ ಹಿಡಿದವರಲ್ಲ. 1951ರಲ್ಲಿ ಲಂಡನ್ನಿನ ಒಂದು ಆಸ್ಪತ್ರೆಯ ದಾಖಲಾತಿ ಪಟ್ಟಿಯಿಂದ ಒಂದು ಮಗುವನ್ನು ಆರಿಸುವ ಬದಲು ಅದೃಷ್ಟಕ್ಕೆ ಬಿಟ್ಟರು. ಬಂದದ್ದು ಲಾರಾ: 2 ವರ್ಷ 5 ತಿಂಗಳು, ಹೊಕ್ಕುಳಿನ ಹರ್ನಿಯಾ ಆಪರೇಷನ್, 8 ದಿನ. ಬೇಕಾದ್ದನ್ನು ಮಾತ್ರ ಹಿಡಿದಿದ್ದಾನೆ ಅಂತ ಯಾರೂ ಅನ್ನಬಾರದು ಅಂತ ದಿನಾ ನಿಗದಿ ಮಾಡಿದ ಹೊತ್ತಿನಲ್ಲೇ ಚಿತ್ರೀಕರಣ, ಗೋಡೆ ಗಡಿಯಾರವೂ ಚಿತ್ರದೊಳಗೆ ಕಾಣುವ ಹಾಗೆ.

ಲಾರಾ ತನ್ನ ವಯಸ್ಸಿಗೆ ಮೀರಿದ ಸಂಯಮದ ಹುಡುಗಿ. ಈ ಮಗು ಅಳೋದೇ ಕಡಿಮೆ, ಚಿತ್ರದಲ್ಲಿ ಏನೂ ಕಾಣದೆ ಹೋದೀತು ಅನ್ನೋ ಆತಂಕ ರಾಬರ್ಟ್‌ಸನ್‌ಗೆ. ಆದರೆ ಆ ಕಪ್ಪುಬಿಳುಪು ಮೂಕಿಚಿತ್ರದ ಶಕ್ತಿ ಇರೋದೇ ಅಲ್ಲಿ. ಮುಖ ಇನ್ನೇನು ಅಳುವಂತಾಗತ್ತೆ, ಅವಳೇ ತಡೆದುಕೊಳ್ತಾಳೆ. ಟೆಡ್ಡಿಯನ್ನೂ ಮನೆಯಿಂದ ತಂದ ಕಂಬಳಿ ತುಂಡನ್ನೂ ಅವುಚಿಕೊಳ್ತಾಳೆ. ಅಮ್ಮ ಎಲ್ಲಿ ಅಂತ ಆಗಾಗ, ಜೋರಾಗೂ ಅಲ್ಲ, ಕೇಳ್ತಾಳೆ. ಕೊನೆಯ ದಿನ ಮನೆಗೆ ಹೊರಟಾಗ ತನ್ನ ಸಾಮಾನೆಲ್ಲ ಹೊತ್ತುಕೊಂಡು ನಡೀತಾಳೆ, ಅಮ್ಮನ ಕೈ ಮಾತ್ರ ಹಿಡಿಯಲ್ಲ.

1952ರ ನವೆಂಬರಿನಲ್ಲಿ ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನಲ್ಲಿ ತೋರಿಸಿದಾಗ ಸಭೆ ಸಿಟ್ಟಿಗೆದ್ದಿತು. ಇದು ನಮ್ಮ ವೃತ್ತಿಗೆ ಮಾಡಿದ ಅವಮಾನ, ಈ ಮಗು ಸಾಮಾನ್ಯ ಮಗುವಲ್ಲ ಅಂತೆಲ್ಲ ಟೀಕೆ ಬಂತು. ಸಿಟ್ಟಾದವರಲ್ಲಿ ಡರ್ಮಡ್ ಮೆಕಾರ್ಥಿ ಎಂಬ ಮಕ್ಕಳ ತಜ್ಞರೂ ಒಬ್ಬರು. ಆದರೆ ತಮ್ಮ ವಾರ್ಡಿಗೆ ಹಿಂತಿರುಗಿದ ಮೇಲೆ, ಇಷ್ಟು ವರ್ಷ ಕಿವಿಗೆ ಬೀಳದ ಅಳು ಅವರಿಗೆ ಕೇಳತೊಡಗಿತು. ಅದನ್ನು ಅವರೇ ಒಪ್ಪಿಕೊಂಡು, ಏಮರ್‌ಶಮ್‌ನ ತಮ್ಮ ವಾರ್ಡಿಗೆ ತಾಯಂದಿರನ್ನು ಬಿಟ್ಟುಕೊಂಡರು. ರಾಬರ್ಟ್‌ಸನ್ 1958ರ ಎರಡನೇ ಚಿತ್ರ ತೆಗೆದದ್ದು ಅಲ್ಲಿಯೇ, ಈ ಸಲ ತಾಯಿ ಜೊತೆಗಿರುವ ಮಗುವಿನದ್ದು.

ಮರುವರ್ಷ, 1959ರಲ್ಲಿ, ಸರ್ ಹ್ಯಾರಿ ಪ್ಲಾಟ್ ಸಮಿತಿಯ ವರದಿ ಬಂತು. ಭೇಟಿಗೆ ಹೊತ್ತುಗೊತ್ತಿನ ಕಟ್ಟು ಬೇಡ, ಚಿಕ್ಕ ಮಕ್ಕಳ ಜೊತೆ ತಾಯಿ ಉಳಿಯಲು ಜಾಗ ಇರಲಿ ಅಂತ ಹೇಳಿತು. ಪ್ಲಾಟ್ ಮೂಳೆ ಶಸ್ತ್ರಚಿಕಿತ್ಸಕರು. ಚಿಕ್ಕಂದಿನಲ್ಲಿ ತಾವೇ ಮಂಡಿಯ ಕ್ಷಯದಿಂದ ನರಳಿದವರು. ಸರ್ಕಾರ ಒಪ್ಪಿತು, ಆಸ್ಪತ್ರೆಗಳು ಅಲುಗಾಡಲಿಲ್ಲ. 1961ರಲ್ಲಿ ರಾಬರ್ಟ್‌ಸನ್ ಬಿಬಿಸಿ ಟೀವಿಯಲ್ಲಿ ಚಿತ್ರದ ತುಣುಕು ತೋರಿಸಿದ ಮೇಲೆ ಲಂಡನ್ನಿನ ಬ್ಯಾಟರ್‌ಸೀ ಬಡಾವಣೆಯ ಕೆಲವು ತಾಯಂದಿರು ಸಂಘ ಕಟ್ಟಿಕೊಂಡು ಹಟ ಹಿಡಿದರು. ನಿಯಮ ನಿಜವಾಗಿ ಸಡಿಲಾಗಿದ್ದು ಅಂಥವರ ಒತ್ತಡದಿಂದ, ಅದೂ ವರ್ಷಗಟ್ಟಲೆ ಹಿಡಿಯಿತು.

ನಮ್ಮ ಕಡೆ ಈ ಇತಿಹಾಸವೇ ಉಲ್ಟಾ. ನನಗೆ ಏಳು ವರ್ಷವಿದ್ದಾಗ ಕಾಮಾಲೆಯಾಗಿ ತಾಲ್ಲೂಕು ಆಸ್ಪತ್ರೆ ಸೇರಿದ್ದೆ. ಅಜ್ಜಿ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಒಂಬತ್ತು ರಾತ್ರಿ ಮಲಗಿದ್ದಳು. ಗಂಜಿ ಕುಡಿಸೋದು, ಡ್ರಿಪ್ ಮುಗೀತು ಅಂತ ಸಿಸ್ಟರಮ್ಮನನ್ನು ಕೂಗೋದು, ಎಲ್ಲಾ ಅವಳದ್ದೇ. ಅದು ಮನಶ್ಶಾಸ್ತ್ರ ಓದಿ ಮಾಡಿದ ನಿಯಮವಲ್ಲ, ನರ್ಸುಗಳು ಕಡಿಮೆ ಅನ್ನೋ ಕಾರಣಕ್ಕೆ ನಡೆದುಕೊಂಡು ಬಂದದ್ದು. ದುಡ್ಡು ಬಂದ ಮೇಲೆ ನಾವು ಬೆಂಗಳೂರಿನ ಏಸಿ ಐಸಿಯುನಲ್ಲಿ 1949ರ ಲಂಡನ್ ನಿಯಮವನ್ನು ದಿನಕ್ಕೆ ಇಷ್ಟು ಸಾವಿರ ಅಂತ ಕೊಟ್ಟು ಕೊಂಡುಕೊಂಡೆವು.

ಲಾರಾಳ ಕತೆ ಎರಡು ವರ್ಷದ ಮಗುವಿನದ್ದು. ಆ ವಯಸ್ಸಿಗೆ 'ನಾಳೆ ಬರ್ತೀನಿ' ಅನ್ನೋದೇ ಅರ್ಥವಾಗಲ್ಲ. ಅಮ್ಮ ಇದ್ದಾಳೆ, ಇಲ್ಲ, ಎರಡೇ. ನಾಲ್ಕೈದು ವರ್ಷಕ್ಕೆ ಮಾತು ಬಂದಿರತ್ತೆ, ಕಾರಣ ಹುಡುಕೋ ಚಟವೂ. ಅಮೆರಿಕದಲ್ಲಿ ರೋಜರ್ ಬಿಬೇಸ್ ಮತ್ತು ಮೇರಿ ವಾಲ್ಶ್ ಎಂಬ ಸಂಶೋಧಕರು 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳನ್ನು ನೆಗಡಿ ಯಾಕೆ ಬರತ್ತೆ ಅಂತ ಕೇಳಿದರು. ತೀರ ಚಿಕ್ಕವರು ಸೂರ್ಯ, ಮರ ಅಂದರು. ಸ್ವಲ್ಪ ದೊಡ್ಡವರಿಗೆ ಕಾರಣ ಕೊಳೆ, ಇಲ್ಲವೇ ಮಾಡಬಾರದ್ದನ್ನು ಮಾಡಿದ್ದು. ದೇಹದ ಒಳಗೆ ಏನೋ ನಡೆಯತ್ತೆ ಅನ್ನೋ ವಿವರಣೆ ಇನ್ನೂ ತಡವಾಗಿ ಬರುವಂಥದ್ದು. ಅಂದರೆ ನಾಲ್ಕು ವರ್ಷದವಳಿಗೆ ಪ್ಲೇಟ್‌ಲೆಟ್ ಅಂತ ವಿವರಿಸೋದು ವ್ಯರ್ಥ. ಅವಳಿಗೆ ಕಾರಣ ಮೊದಲೇ ಗೊತ್ತಿರತ್ತೆ, ಕೊಟ್ಟವರು ನಾವೇ. "ಊಟ ಮಾಡ್ದೆ ಇದ್ರೆ ಡಾಕ್ಟ್ರ ಹತ್ರ ಸೂಜಿ ಚುಚ್ಚಿಸ್ತೀನಿ ನೋಡು" ಅಂತ ಹೆದರಿಸದ ಕನ್ನಡದ ಮನೆ ಎಷ್ಟಿದೆ?

ವಯಸ್ಸಿನ ಪಟ್ಟಿ ಹಿಡಿದುಕೊಂಡರೆ ಕೆಲಸ ಆಯ್ತು ಅಂತಲೂ ಅಲ್ಲ. ಮೈರಾ ಬ್ಲೂಬಾಂಡ್ ಲ್ಯಾಂಗ್ನರ್ ಎಂಬ ಮಾನವಶಾಸ್ತ್ರಜ್ಞೆ 1970ರ ದಶಕದ ಆರಂಭದಲ್ಲಿ ಅಮೆರಿಕದ ಒಂದು ಆಸ್ಪತ್ರೆಯಲ್ಲಿ ರಕ್ತ ಕ್ಯಾನ್ಸರಿನ ಮಕ್ಕಳ ಜೊತೆ ತಿಂಗಳುಗಟ್ಟಲೆ ಇದ್ದು 1978ರಲ್ಲಿ ಪುಸ್ತಕ ಬರೆದರು. ಮೂರರಿಂದ ಒಂಬತ್ತು ವರ್ಷದ ಮಕ್ಕಳು. ಯಾರೂ ಅವರಿಗೆ ಸಾಯ್ತೀರಿ ಅಂತ ಹೇಳಿರಲಿಲ್ಲ. ಆದರೂ ಮಕ್ಕಳಿಗೆ ಗೊತ್ತಿತ್ತು. ಹಂತಹಂತವಾಗಿ, ಯಾವ ಔಷಧಿ ನಿಂತಿತು, ಪಕ್ಕದ ಹುಡುಗ ಎಲ್ಲಿ ಹೋದ ಅಂತ ಕೂಡಿಸಿಕೊಂಡು ತಿಳಿದಿದ್ದರು. ಅನುಭವವಿದ್ದ ಮೂರು ನಾಲ್ಕು ವರ್ಷದ ಮಗುವಿಗೆ, ಕಾಯಿಲೆಗೆ ಹೊಸದಾಗಿ ಬಿದ್ದ ಒಂಬತ್ತರ ಜಾಣ ಹುಡುಗನಿಗಿಂತ ಹೆಚ್ಚು ಗೊತ್ತಿರುತ್ತಿತ್ತು. ಗೊತ್ತಿದ್ದೂ ಅಪ್ಪಅಮ್ಮನ ಮುಂದೆ ಗೊತ್ತಿಲ್ಲದ ಹಾಗೆ ಇರ್ತಿದ್ದರು. ಹೇಳಿದರೆ ಅವರು ಎದ್ದು ಹೊರಗೆ ಹೋಗಿಬಿಡ್ತಾರೆ ಅನ್ನೋದೂ ಆ ಮಕ್ಕಳಿಗೆ ತಿಳಿದಿತ್ತು. ಇದನ್ನು ಓದುವಾಗ ನಾನು ಪುಸ್ತಕ ಎರಡು ಸಲ ಮುಚ್ಚಿಟ್ಟೆ.

ಒಂದು ರಾತ್ರಿ ಊಟ ಆದಮೇಲೆ ಮಗಳನ್ನು ಕೇಳಿದೆ, ಆಸ್ಪತ್ರೆಲಿ ಅಪ್ಪಅಮ್ಮ ಹೊರಗಿದ್ದಾಗ ಏನು ಅಂದ್ಕೊಂಡೆ ಪುಟ್ಟಿ ಅಂತ. ಬಣ್ಣ ಹಚ್ತಾ ಇದ್ದವಳು ತಲೆ ಎತ್ತಲಿಲ್ಲ. "ನಾನು ಇಂಜೆಕ್ಷನ್‌ಗೆ ಅತ್ತಿದ್ದಕ್ಕೆ ನೀವು ಹೋದ್ರಿ. ಅದಕ್ಕೇ ಆಮೇಲೆ ಅಳಲಿಲ್ಲ" ಅಂದಳು. ಅಲ್ಲ ಪುಟ್ಟಿ, ಅದು ಆಸ್ಪತ್ರೆಯವರ ರೂಲು, ನಾವು ಬಾಗಿಲ ಹೊರಗೆ ಕುರ್ಚಿ ಮೇಲೇ ಕೂತಿದ್ವಿ, ರಾತ್ರಿಯೆಲ್ಲಾ, ಅಂದೆ. ಯಾವ ಬಣ್ಣದ ಕುರ್ಚಿ ಅಂತ ಕೇಳಿದಳು. ನೀಲಿ ಅಂದೆ. ಅಮ್ಮನೂ ನೀಲಿ ಕುರ್ಚಿಲೇ ಕೂತಿದ್ಲಾ? ಹೂಂ, ಪಕ್ಕದಲ್ಲೇ. ಸ್ವಲ್ಪ ಹೊತ್ತು ಬಿಟ್ಟು ಡಬ್ಬಿಯಿಂದ ನೀಲಿ ಬಳಪ ಹುಡುಕಿ ತೆಗೆದಳು.